ಸಮವಸ್ತ್ರ ಮೊದಲು, ಅಧಿಕಾರ ಆಮೇಲೆ: ಯುದ್ಧಕಾಲದ ಮಹಿಳಾ ಪೊಲೀಸರು



ಯುದ್ಧಕಾಲದ ಹೆಣ್ಣು ಎಂದ ಕೂಡಲೇ ನಮ್ಮ ಕಣ್ಣಿಗೆ ಕಟ್ಟುವವರು ಇಬ್ಬರು: ಗಾಯಾಳುವಿಗೆ ಪಟ್ಟಿ ಕಟ್ಟುವ ದಾದಿ ಮತ್ತು ಕಾರ್ಖಾನೆಯಲ್ಲಿ ಮದ್ದು ತುಂಬುವ ಕಾರ್ಮಿಕ ಮಹಿಳೆ. ಇವರಿಬ್ಬರ ನಡುವೆ ಕಡುನೀಲಿ ಸಮವಸ್ತ್ರ ತೊಟ್ಟು ಬೀದಿಯಲ್ಲಿ ನಿಂತ ಮೂರನೆಯವಳೊಬ್ಬಳಿದ್ದಳು. ಅವಳೇ ಮಹಿಳಾ ಪೊಲೀಸ್. ಅವಳ ಬಗ್ಗೆ ಮಾತಾಡುವಾಗ ಎರಡು ಸುಲಭದ ದಾರಿಗಳಿವೆ. ಒಂದು, ಅವಳ ಧೈರ್ಯವನ್ನು ಹೊಗಳುವುದು. ಇನ್ನೊಂದು, ಗಂಡಸರ ಕೋಟೆಯೊಳಗೆ ಹೆಜ್ಜೆಯಿಟ್ಟಳೆಂದು ಸಂಭ್ರಮಿಸುವುದು. ಎರಡರಲ್ಲೂ ಸತ್ಯಾಂಶವಿದೆ. ಆದರೆ ಇವತ್ತು ನಾನು ಕೇಳಬಯಸುವುದು ಬೇರೆಯೇ ಪ್ರಶ್ನೆ. ಯುದ್ಧಕಾಲದಲ್ಲಿ ಹೆಣ್ಣು ಪೊಲೀಸಳಾದಾಗ ಅವಳು ಕಾದದ್ದು ಯಾರನ್ನು, ಕಾವಲಿಟ್ಟದ್ದು ಯಾರ ಮೇಲೆ, ಮತ್ತು ಉತ್ತರ ಕೊಡಬೇಕಾಗಿದ್ದದ್ದು ಯಾರಿಗೆ?

ಇದಕ್ಕೆ ನಾನು ಆರಿಸಿಕೊಂಡಿರುವ ನಿದರ್ಶನ ಮೊದಲ ಮಹಾಯುದ್ಧದ ಬ್ರಿಟನ್. ಅಲ್ಲಿ ಮಹಿಳಾ ಪೊಲೀಸ್ ಎಂಬ ಸಂಸ್ಥೆ ರೂಪುಗೊಂಡದ್ದೇ ಯುದ್ಧದ ನಡುವೆ. ಅದರ ಗುಣವೂ ದೋಷವೂ ಬೀಜರೂಪದಲ್ಲಿ ಅಲ್ಲಿಯೇ ಕಾಣಸಿಗುತ್ತವೆ.

ಬೇಡಿಕೆ ಮಾತ್ರ ಯುದ್ಧಕ್ಕಿಂತ ಹಳೆಯದು. 1914ಕ್ಕೆ ಮೊದಲೇ ಮತದಾನದ ಹಕ್ಕಿಗಾಗಿ ಹೋರಾಡುತ್ತಿದ್ದ ವಿಮೆನ್ಸ್ ಫ್ರೀಡಂ ಲೀಗ್ ಎಂಬ ಸಂಘಟನೆಯ ಕೆಲವರು ಲಂಡನ್ನಿನ ನ್ಯಾಯಾಲಯಗಳಲ್ಲಿ ಕುಳಿತು ನಡಾವಳಿಗಳನ್ನು ಬರೆದುಕೊಳ್ಳುತ್ತಿದ್ದರು. ಹೆಂಗಸರ, ಮಕ್ಕಳ ಮೇಲಿನ ಅತ್ಯಾಚಾರದ ಮೊಕದ್ದಮೆ ಬಂದಾಗ ಸಭ್ಯತೆಯ ಹೆಸರಿನಲ್ಲಿ ಹೆಂಗಸರನ್ನೆಲ್ಲ ಹೊರಗೆ ಕಳಿಸುವ ರೂಢಿ ಅಲ್ಲಿತ್ತು. ಸಾಕ್ಷಿ ಹೇಳಬೇಕಾದ ಹುಡುಗಿ ಮಾತ್ರ ಒಳಗೆ ಉಳಿಯುತ್ತಿದ್ದಳು. ಅವಳ ಸುತ್ತ ನ್ಯಾಯಾಧೀಶರು, ಜ್ಯೂರಿಗಳು, ವಕೀಲರು, ಪೊಲೀಸರು, ಎಲ್ಲರೂ ಗಂಡಸರೇ. ಎಡಿತ್ ವಾಟ್ಸನ್ ಈ ಮೊಕದ್ದಮೆಗಳನ್ನೂ ಅವುಗಳಲ್ಲಿ ಕೊಟ್ಟ ಹಗುರ ಶಿಕ್ಷೆಗಳನ್ನೂ ಲೀಗಿನ ಪತ್ರಿಕೆಯಲ್ಲಿ ದಾಖಲಿಸುತ್ತ ಬಂದರು. ಅದೇ ಸಂಘಟನೆಯ ನೀನಾ ಬಾಯ್ಲ್ ಪತ್ರಕರ್ತೆ. ಹೋರಾಟಕ್ಕಾಗಿ ಹಲವು ಸಲ ದಸ್ತಗಿರಿಯಾದವರು. ಹೆಣ್ಣಿನ ಹೇಳಿಕೆಯನ್ನು ಹೆಣ್ಣೇ ಬರೆದುಕೊಳ್ಳಬೇಕು, ಠಾಣೆಯಲ್ಲೂ ಕೋರ್ಟಿನಲ್ಲೂ ಅವಳ ಪಕ್ಕದಲ್ಲಿ ಅಧಿಕಾರವುಳ್ಳ ಹೆಣ್ಣೊಬ್ಬಳಿರಬೇಕು ಎಂಬುದು ಇವರ ವಾದವಾಗಿತ್ತು. ಅಂದರೆ ಮಹಿಳಾ ಪೊಲೀಸ್ ಎಂಬ ಕಲ್ಪನೆ ಹುಟ್ಟಿದ್ದು ಪೊಲೀಸರ ಮೇಲಿನ ಮತ್ತು ನ್ಯಾಯಾಲಯದ ಮೇಲಿನ ಅವಿಶ್ವಾಸದಿಂದ. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಯುದ್ಧ ಇದನ್ನು ತಲೆಕೆಳಗು ಮಾಡಿತು.

1914ರ ಆಗಸ್ಟ್ 4ರಂದು ಬ್ರಿಟನ್ ಯುದ್ಧ ಸಾರಿತು. ನಾಲ್ಕೇ ದಿನಗಳಲ್ಲಿ ದೇಶರಕ್ಷಣಾ ಕಾಯಿದೆ ಅಂಗೀಕಾರವಾಯಿತು. ಪೊಲೀಸ್ ಪಡೆಯ ಯುವಕರು ಸೈನ್ಯಕ್ಕೆ ಹೋದರು. ಸಣ್ಣ ಊರುಗಳ ಅಂಚಿನಲ್ಲಿ ದೊಡ್ಡ ಶಿಬಿರಗಳು ಎದ್ದವು. ಬೆಲ್ಜಿಯಂನಿಂದ ನಿರಾಶ್ರಿತರು ರೈಲುಗಟ್ಟಲೆ ಬಂದಿಳಿದರು. ಆ ನಿಲ್ದಾಣಗಳಲ್ಲಿ ಒಂಟಿ ಹುಡುಗಿಯರನ್ನು ಪುಸಲಾಯಿಸಿ ವೇಶ್ಯಾವಾಟಿಕೆಗೆ ಒಯ್ಯಲು ಜನ ಹೊಂಚುಹಾಕಿ ನಿಂತಿರುವುದನ್ನು ಮಾರ್ಗರೆಟ್ ಡ್ಯಾಮರ್ ಡಾಸನ್ ಕಂಡರು. ಡಾಸನ್ ಅನುಕೂಲಸ್ಥ ಮನೆತನದವರು, ಪ್ರಾಣಿಹಿಂಸೆಯ ವಿರುದ್ಧದ ಚಳವಳಿಯಲ್ಲಿ ಹೆಸರಾದವರು. ಸಮವಸ್ತ್ರ ತೊಟ್ಟ ಹೆಂಗಸರು ಅಲ್ಲಿ ನಿಂತರೆ ಅನುಕೂಲವೆಂದು ಅವರು ಲಂಡನ್ನಿನ ಪೊಲೀಸ್ ಕಮಿಷನರ್ ಸರ್ ಎಡ್ವರ್ಡ್ ಹೆನ್ರಿ ಅವರನ್ನು ಒಪ್ಪಿಸಿದರು. ಡಾಸನ್ ಮತ್ತು ಬಾಯ್ಲ್ ಕೈಜೋಡಿಸಿದರು. ಮಹಿಳಾ ಪೊಲೀಸ್ ಸ್ವಯಂಸೇವಕ ದಳ ಹುಟ್ಟಿತು. ಅವರಿಗೆ ಸಮವಸ್ತ್ರವಿತ್ತು. ಸಂಬಳವಿರಲಿಲ್ಲ, ದಸ್ತಗಿರಿ ಮಾಡುವ ಅಧಿಕಾರವಿರಲಿಲ್ಲ.

ಮೈತ್ರಿ ಕೆಲವೇ ತಿಂಗಳು ಬಾಳಿತು. ಅದು ಮುರಿದ ಕಥೆಯಲ್ಲಿ ನಮ್ಮ ವಿಷಯದ ತಿರುಳೇ ಅಡಗಿದೆ.

ಲಿಂಕನ್‌ಶೈರಿನ ಗ್ರಾಂಥಮ್ ಸುಮಾರು ಇಪ್ಪತ್ತು ಸಾವಿರ ಜನರ ಊರು. ಪಕ್ಕದ ಶಿಬಿರಗಳಿಗೆ ಬಂದ ಸೈನಿಕರ ಸಂಖ್ಯೆ ಊರಿನ ಜನಸಂಖ್ಯೆಗೇ ಹತ್ತಿರವಾಗತೊಡಗಿತು. ಸಂಜೆಯಾದರೆ ಬೀದಿ ತುಂಬ ಸೈನಿಕರು, ಕುಡಿತ, ಗಲಾಟೆ. 1914ರ ನವೆಂಬರಿನಲ್ಲಿ ದಳದ ಇಬ್ಬರು, ಮೇರಿ ಆ್ಯಲನ್ ಮತ್ತು ಎಲೆನ್ ಹಾರ್‌ಬರ್ನ್, ಅಲ್ಲಿಗೆ ನೇಮಕಗೊಂಡರು. ಅಲ್ಲಿನ ಸೇನಾಧಿಕಾರಿ ಹೊರಡಿಸಿದ್ದ ಆಜ್ಞೆಯ ಪ್ರಕಾರ ರಾತ್ರಿ ಹೊತ್ತು ಹೆಂಗಸರು ಮನೆಬಿಟ್ಟು ಹೊರಗೆ ಬರುವಂತಿರಲಿಲ್ಲ. ಮನೆಗಳನ್ನು ಹೊಕ್ಕು ಆಜ್ಞೆ ಪಾಲನೆಯಾಗುತ್ತಿದೆಯೇ ಎಂದು ನೋಡುವ ಕೆಲಸ ಈ ಮಹಿಳಾ ಪೊಲೀಸರ ಪಾಲಿಗೆ ಬಂತು. ಗಲಾಟೆ ಮಾಡಿದವರು ಸೈನಿಕರು. ಬಾಗಿಲು ಹಾಕಿಕೊಳ್ಳಬೇಕಾದವರು ಊರ ಹೆಂಗಸರು. ಇದು ಗ್ರಾಂಥಮ್ ಒಂದರ ಮಾತಾಗಿರಲಿಲ್ಲ. ಅದೇ ಚಳಿಗಾಲದಲ್ಲಿ ಕಾರ್ಡಿಫ್ ನಗರದಲ್ಲಿ ಇಂಥ ಆಜ್ಞೆ ಮೀರಿದರೆಂದು ಐವರು ಹೆಂಗಸರನ್ನು ಸೇನಾ ನ್ಯಾಯಾಲಯದ ಮುಂದೆ ನಿಲ್ಲಿಸಿ ಸೆರೆಗೆ ಕಳಿಸಲಾಯಿತು.

ನೀನಾ ಬಾಯ್ಲ್ ಸಿಡಿದೆದ್ದರು. ಯಾವ ಕಾನೂನಿನಿಂದ ಹೆಣ್ಣನ್ನು ಕಾಪಾಡಲು ದಳ ಕಟ್ಟಿದ್ದೆವೋ ಅದೇ ಕಾನೂನಿನ ಕೈಯಾಳಾಗಿ ದಳ ಬಳಕೆಯಾಗುತ್ತಿದೆ ಎಂಬುದು ಅವರ ಆಕ್ಷೇಪ. ಡಾಸನ್ ವಾದ ಬೇರೆ. ಸರಕಾರಕ್ಕೆ ನಾವು ಉಪಯುಕ್ತರೆಂದು ಮೊದಲು ತೋರಿಸಬೇಕು, ಅಧಿಕಾರ ಆಮೇಲೆ ತಾನಾಗಿ ಬರುತ್ತದೆ. 1915ರ ಫೆಬ್ರವರಿಯಲ್ಲಿ ದಳದ ಸಭೆ ಸೇರಿತು. ಕೈಬೆರಳೆಣಿಕೆಯವರನ್ನು ಬಿಟ್ಟು ಉಳಿದವರೆಲ್ಲ ಡಾಸನ್ ಪಕ್ಷ ಹಿಡಿದರು. ಬಾಯ್ಲ್ ಹೊರನಡೆದರು. ಉಳಿದವರು ವಿಮೆನ್ ಪೊಲೀಸ್ ಸರ್ವಿಸ್ ಎಂಬ ಹೊಸ ಹೆಸರಿನಡಿ ಮುಂದುವರಿದರು. ಡಾಸನ್ ಕಮಾಂಡೆಂಟ್, ಆ್ಯಲನ್ ಉಪಕಮಾಂಡೆಂಟ್. ಈ ಮೇರಿ ಆ್ಯಲನ್ ಸ್ವತಃ ಮತದ ಹಕ್ಕಿಗಾಗಿ ಜೈಲು ಸೇರಿ, ಉಪವಾಸ ಕೂತು, ಬಲವಂತದ ಆಹಾರ ಉಣಿಸಿಕೊಂಡವರು ಎಂಬುದನ್ನೂ ಗಮನಿಸಬೇಕು. ಜೈಲಿನ ಅನುಭವ ಮನುಷ್ಯನಿಗೆ ಸೆರೆಯಾಳಿನ ಬಗ್ಗೆ ಕನಿಕರ ಕಲಿಸುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಯಾವಾಗಲೂ ಕಲಿಸುವುದಿಲ್ಲ.

ಆ ಸಭೆಯಲ್ಲಿ ಗೆದ್ದವರು ಮೋಸಗಾರರು ಎಂದು ನಾನು ಹೇಳುತ್ತಿಲ್ಲ. ಅವರ ಲೆಕ್ಕಾಚಾರಕ್ಕೆ ಗ್ರಾಂಥಮ್‌ನಲ್ಲಿಯೇ ಫಲ ಸಿಕ್ಕಿತು. 1915ರ ಆಗಸ್ಟ್‌ನಲ್ಲಿ ಆ ಊರು ಎಡಿತ್ ಸ್ಮಿತ್ ಎಂಬಾಕೆಯನ್ನು ಸಂಬಳ ಕೊಟ್ಟು, ಪ್ರಮಾಣವಚನ ಬೋಧಿಸಿ, ದಸ್ತಗಿರಿಯ ಪೂರ್ಣಾಧಿಕಾರದೊಡನೆ ಪೊಲೀಸ್ ಪಡೆಗೆ ಸೇರಿಸಿಕೊಂಡಿತು. ಬ್ರಿಟನ್ನಿನಲ್ಲಿ ಆ ಅಧಿಕಾರ ಪಡೆದ ಮೊದಲ ಮಹಿಳೆ ಎಂದು ಚರಿತ್ರೆಕಾರರು ಗುರುತಿಸುವುದು ಇವರನ್ನೇ. ಕಾನೂನಿನ ದೃಷ್ಟಿಯಲ್ಲಿ ಹೆಂಗಸು ಈ ಹುದ್ದೆಗೆ ಅರ್ಹ ವ್ಯಕ್ತಿಯಲ್ಲ ಎಂದು ಗೃಹ ಇಲಾಖೆ ತಕರಾರು ಮಾಡಿತು. ಊರಿನ ಆಡಳಿತ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಸ್ಮಿತ್ ವಿಧವೆ, ನಾಲ್ಕು ಮಕ್ಕಳ ತಾಯಿ, ಸೂಲಗಿತ್ತಿಯ ತರಬೇತಿ ಪಡೆದವರು. ಎರಡು ವರ್ಷಕ್ಕೂ ಮೇಲ್ಪಟ್ಟು ವಾರದ ಏಳೂ ದಿನ ಒಂಟಿಯಾಗಿ ದುಡಿದರು. ಅವರು ಸಲ್ಲಿಸಿದ ವರದಿಗಳ ಬಗ್ಗೆ ಸಂಶೋಧಕರು ಬರೆದಿದ್ದಾರೆ. ವೇಶ್ಯೆಯರು ಊರುಬಿಟ್ಟದ್ದು, ದಾರಿತಪ್ಪಿದ ಹುಡುಗಿಯರಿಗೆ ಬುದ್ಧಿ ಹೇಳಿದ್ದು, ಎಷ್ಟೋ ಪ್ರಕರಣಗಳನ್ನು ಕೋರ್ಟಿನ ಮೆಟ್ಟಿಲು ಹತ್ತಿಸದೆ ಬಗೆಹರಿಸಿದ್ದು ಅವುಗಳಲ್ಲಿವೆ. ಇವೆಲ್ಲದರ ನಡುವೆ, ತಾವು ಊರಲ್ಲಿಲ್ಲದಾಗ ಹೆಂಡತಿಯರ ಮೇಲೆ ಕಣ್ಣಿಡಿ ಎಂದು ಕೇಳಿಕೊಂಡ ಗಂಡಂದಿರ ಪ್ರಸ್ತಾಪವೂ ಇದೆ.

ಆ ಕೊನೆಯ ಸಂಗತಿ ನನ್ನನ್ನು ಬಹಳ ಕಾಡಿದೆ. ಹೆಂಡತಿಯ ನಡತೆ ಪೊಲೀಸರ ವಿಷಯವಾಗಬಾರದು ಎಂಬುದು ಶಾಂತಿಕಾಲದಲ್ಲಿ ಯಾರಾದರೂ ಒಪ್ಪುವ ಮಾತು. ಯುದ್ಧ ಬಂದೊಡನೆ ಅದು ಸೈನಿಕನ ಮನೋಬಲದ ಪ್ರಶ್ನೆಯಾಗಿ, ಅಲ್ಲಿಂದ ರಾಜ್ಯದ ಪ್ರಶ್ನೆಯಾಗಿ ಮಾರ್ಪಡುತ್ತದೆ. ಗಂಡು ಪೇದೆಯೊಬ್ಬ ಸೈನಿಕನ ಮನೆಯ ಸುತ್ತ ಸುಳಿದಾಡಿದ್ದರೆ ಊರೇ ಅನುಮಾನಪಡುತ್ತಿತ್ತು. ಹೆಣ್ಣು ಪೊಲೀಸಳ ಬಗ್ಗೆ ಆ ಅನುಮಾನವಿಲ್ಲ. ಗಂಡು ಪೊಲೀಸರು ಹೋಗಲಾರದ ಒಳಮನೆಗೆ ರಾಜ್ಯದ ಕಣ್ಣು ಮೊದಲ ಬಾರಿಗೆ ತಲುಪಿದ್ದು ಅವಳ ಮೂಲಕ. 1918ರ ಆರಂಭದಲ್ಲಿ ಬಳಲಿಕೆಯಿಂದ ಸ್ಮಿತ್ ಕೆಲಸ ಬಿಟ್ಟರು. 1923ರಲ್ಲಿ ತೀರಿಕೊಂಡರು.

ಯುದ್ಧದ ಇದೇ ವರ್ಷಗಳಲ್ಲಿ ನ್ಯಾಷನಲ್ ಯೂನಿಯನ್ ಆಫ್ ವಿಮೆನ್ ವರ್ಕರ್ಸ್ ಎಂಬ ಮತ್ತೊಂದು ಸಂಸ್ಥೆ ಸಾವಿರಾರು ಮಹಿಳೆಯರಿಗೆ ತೋಳುಪಟ್ಟಿ ಕೊಟ್ಟು ಗಸ್ತಿಗೆ ಕಳಿಸಿತು. ಅವರು ಉದ್ಯಾನಗಳಲ್ಲಿ, ರೈಲು ನಿಲ್ದಾಣಗಳ ಬಳಿ, ಕತ್ತಲ ಸಿನಿಮಾ ಮಂದಿರಗಳಲ್ಲಿ ಜೋಡಿಗಳನ್ನು ಗಮನಿಸುತ್ತಿದ್ದರು. ಇವರ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಆದರೆ ಹೋರಾಟಗಾರ್ತಿಯರಿಗಿಂತ ಈ ಸಾಧು ಸ್ವಭಾವದವರೇ ಸರಕಾರಕ್ಕೆ ಹೆಚ್ಚು ಹಿಡಿಸಿದರು ಎಂಬುದು ಮುಂದಿನ ಕಥೆಗೆ ಬೇಕಾಗುತ್ತದೆ.

ಸಭಿಕರೇ, ಈಗ ಬೀದಿಯಿಂದ ಕಾರ್ಖಾನೆಗೆ ಬರೋಣ. ಯುದ್ಧಕಾಲದ ಮಹಿಳಾ ಪೊಲೀಸರಲ್ಲಿ ಬಹುಪಾಲು ದುಡಿದದ್ದು ಅಲ್ಲಿಯೇ. 1916ರಲ್ಲಿ ಮದ್ದುಗುಂಡು ಸಚಿವಾಲಯ ತನ್ನ ಕಾರ್ಖಾನೆಗಳಿಗೆ ಮಹಿಳಾ ಪೊಲೀಸರು ಬೇಕೆಂದು ವಿಮೆನ್ ಪೊಲೀಸ್ ಸರ್ವಿಸ್ ಜೊತೆ ಒಪ್ಪಂದ ಮಾಡಿಕೊಂಡಿತು. ಸ್ಕಾಟ್ಲೆಂಡಿನ ಗಡಿಯ ಗ್ರೆಟ್ನಾದಲ್ಲಿ ಮೈಲುಗಟ್ಟಲೆ ಹಬ್ಬಿದ್ದ ಕಾರ್ಡೈಟ್ ಕಾರ್ಖಾನೆಯೊಂದರಲ್ಲೇ ಹನ್ನೊಂದು ಸಾವಿರಕ್ಕೂ ಹೆಚ್ಚು ಹೆಂಗಸರು ಕೆಲಸ ಮಾಡುತ್ತಿದ್ದರು. ನೈಟ್ರೊಗ್ಲಿಸರಿನ್ನಿಗೆ ಹತ್ತಿಯ ಸ್ಫೋಟಕವನ್ನು ಕೈಯಿಂದ ಕಲಸಬೇಕು. ಷರ್ಲಾಕ್ ಹೋಮ್ಸ್ ಖ್ಯಾತಿಯ ಕಾನನ್ ಡಾಯ್ಲ್ ಅದನ್ನು ನೋಡಿ ಬಂದು ದೆವ್ವದ ಅಂಬಲಿ ಎಂದು ಕರೆದರು. ಬೆಂಕಿಕಡ್ಡಿ, ಸಿಗರೇಟು, ಕೂದಲಿನ ಪಿನ್ನು, ಲೋಹದ ಗುಂಡಿ, ಯಾವುದೂ ಒಳಗೆ ಹೋಗಕೂಡದು. ಒಂದು ಕಿಡಿ ಸಾಕು. 1917ರ ಜನವರಿಯಲ್ಲಿ ಲಂಡನ್ನಿನ ಸಿಲ್ವರ್‌ಟೌನ್ ಕಾರ್ಖಾನೆ ಸಿಡಿದಾಗ 73 ಜನ ಸತ್ತರು. ಆದ್ದರಿಂದ ಪ್ರತಿ ಪಾಳಿಯಲ್ಲೂ ಒಳಬರುವ ಕಾರ್ಮಿಕ ಮಹಿಳೆಯ ಮೈ ತಡವಿ, ಜೇಬು ಹುಡುಕಿ ಬಿಡಬೇಕು. ಅದು ಮಹಿಳಾ ಪೊಲೀಸರ ಮುಖ್ಯ ಕರ್ತವ್ಯ. ಸಂಬಳದ ದಿನ ಸಾಲು ನಿಲ್ಲಿಸುವುದು, ಜಗಳ ಬಿಡಿಸುವುದು, ವಿಷದ ಹೊಗೆಗೆ ಮೂರ್ಛೆ ಹೋದವಳನ್ನು ಎತ್ತಿ ಸಾಗಿಸುವುದು, ವಾಯುದಾಳಿಯ ಕತ್ತಲಲ್ಲಿ ಜನರನ್ನು ಶಾಂತವಾಗಿಡುವುದು ಕೂಡ ಅವರದೇ ಹೊಣೆ.

ಈ ಕೆಲಸದ ಅಗತ್ಯವನ್ನು ನಾನು ಪ್ರಶ್ನಿಸಲಾರೆ. ಇಲ್ಲಿ ತಪಾಸಣೆ ನಿಜವಾಗಿಯೂ ಜೀವ ಉಳಿಸುವ ಕ್ರಮ. ಆದರೂ ತಪಾಸಣೆ ಮಾಡುತ್ತಿದ್ದ ಕೈ ಯಾವ ವರ್ಗದ್ದು, ತಪಾಸಣೆಗೆ ಒಳಗಾದ ಮೈ ಯಾವ ವರ್ಗದ್ದು ಎಂದು ನೋಡಬೇಕಾಗುತ್ತದೆ. ಮಹಿಳಾ ಪೊಲೀಸರು ಬಹುಮಟ್ಟಿಗೆ ಓದಿದ, ಉಳ್ಳ ಮನೆಗಳವರು. ಪಾದ್ರಿಯೊಬ್ಬರ ಮಗಳಾದ ಗೇಬ್ರಿಯೆಲ್ ವೆಸ್ಟ್ ಹಲವು ಕಾರ್ಖಾನೆಗಳಲ್ಲಿ ಪೊಲೀಸಳಾಗಿದ್ದು ಬರೆದ ದಿನಚರಿ ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂನಲ್ಲಿದೆ. ಆಸಿಡ್ ಹೊಗೆಯಲ್ಲಿ ದುಡಿಯುವ ಹುಡುಗಿಯರ ಬಗ್ಗೆ ಅದರಲ್ಲಿ ಅನುಕಂಪವಿದೆ, ಅವರ ಮಾತುಕತೆಯ ಒರಟುತನದ ಬಗ್ಗೆ ಮುಖ ಸಿಂಡರಿಸುವುದೂ ಇದೆ. ಲಿಂಗ ಒಂದೇ ಆದ ಮಾತ್ರಕ್ಕೆ ಅಧಿಕಾರದ ಅಂತರ ಕರಗುವುದಿಲ್ಲ. ನಮ್ಮ ದೇಶದಲ್ಲಿ ಇದಕ್ಕೆ ಜಾತಿಯನ್ನೂ ಸೇರಿಸಿ ಓದಿಕೊಳ್ಳಬಹುದು.

ಯುದ್ಧದ ಕೊನೆಯ ವರ್ಷ ಈ ಎಲ್ಲ ಕಾವಲಿನ ತರ್ಕ ತನ್ನ ತುದಿ ಮುಟ್ಟಿತು. 1918ರ ಮಾರ್ಚ್‌ನಲ್ಲಿ ದೇಶರಕ್ಷಣಾ ನಿಯಮಗಳಿಗೆ 40ಡಿ ಎಂಬುದನ್ನು ಸೇರಿಸಿದರು. ಗುಹ್ಯರೋಗವಿರುವ ಹೆಂಗಸು ಸೈನಿಕನ ಸಂಗ ಮಾಡಿದರೆ ಅಪರಾಧ. ರೋಗವಿರುವ ಸೈನಿಕ ಹೆಂಗಸಿಗೆ ಅಂಟಿಸಿದರೆ ಈ ನಿಯಮದ ಪ್ರಕಾರ ಅಪರಾಧವಲ್ಲ. 1860ರ ದಶಕದಲ್ಲಿ ಹೆಂಗಸರನ್ನು ಕಡ್ಡಾಯ ವೈದ್ಯಕೀಯ ಪರೀಕ್ಷೆಗೆ ಒಳಪಡಿಸುವ ಇಂಥದೇ ಕಾಯಿದೆಗಳು ಬಂದಿದ್ದವು. ಬ್ರಿಟನ್ನಿನ ಹೆಂಗಸರು ಹೋರಾಡಿ 1886ರಲ್ಲಿ ಅವನ್ನು ರದ್ದುಮಾಡಿಸಿದ್ದರು. ಭಾರತಕ್ಕೂ 1868ರಲ್ಲಿ ಅದೇ ಬಗೆಯ ಕಾಯಿದೆ ಬಂದಿತ್ತು. ನಮ್ಮ ದಂಡು ಪ್ರದೇಶಗಳ ಹೆಂಗಸರಿಗೆ ಆ ಕಡ್ಡಾಯ ವೈದ್ಯಕೀಯ ಪರೀಕ್ಷೆಯ ಅವಮಾನ ಹೊಸದಾಗಿರಲಿಲ್ಲ. ಹಳೆಯ ಹೋರಾಟದ ಗೆಲುವನ್ನು ಯುದ್ಧ ಒಂದು ಪುಟದ ನಿಯಮದಿಂದ ಅಳಿಸಿತು. ಯುದ್ಧ ಮುಗಿದ ಮೇಲೆಯೇ ಅದನ್ನು ಹಿಂತೆಗೆದುಕೊಂಡರು.

ಉಪಯುಕ್ತರಾದರೆ ಅಧಿಕಾರ ತಾನಾಗಿ ಬರುತ್ತದೆ ಎಂಬ ಡಾಸನ್ ನಂಬಿಕೆಗೆ ಏನಾಯಿತು? 1918ರ ಕೊನೆಯಲ್ಲಿ ಲಂಡನ್ನಿನ ಹೊಸ ಕಮಿಷನರ್ ಜನರಲ್ ಮ್ಯಾಕ್ರೆಡಿ ತಮ್ಮದೇ ಮಹಿಳಾ ಗಸ್ತು ಪಡೆ ಕಟ್ಟಿದರು. ಮುಖ್ಯಸ್ಥೆಯಾಗಿ ಸೋಫಿಯಾ ಸ್ಟ್ಯಾನ್ಲಿ ಅವರನ್ನು ಆರಿಸಿದ್ದು ತೋಳುಪಟ್ಟಿಯ ಸಾಧು ಗಸ್ತಿನವರಿಂದ. ಹಳೆಯ ಹೋರಾಟಗಾರ್ತಿಯರು ಮ್ಯಾಕ್ರೆಡಿಗೆ ಬೇಡವಾಗಿದ್ದರು. ಗ್ರಾಂಥಮ್‌ನಲ್ಲಿ ಸಿದ್ಧಾಂತ ಬಿಟ್ಟುಕೊಟ್ಟು ನಿಷ್ಠೆ ತೋರಿಸಿದವರನ್ನೇ ಹಳೆಯ ಹೋರಾಟದ ಕಾರಣಕ್ಕೆ ದೂರವಿಟ್ಟರು. ಡಾಸನ್ 1920ರಲ್ಲಿ ತೀರಿಕೊಂಡರು. ಮರುವರ್ಷ ಅವರ ಸಂಗಡಿಗರ ಮೇಲೆ ಪೊಲೀಸರ ಸಮವಸ್ತ್ರವನ್ನು ಹೋಲುವ ಉಡುಪು ತೊಟ್ಟರೆಂದು ಮೊಕದ್ದಮೆ ಹೂಡಲಾಯಿತು. ಆ್ಯಲನ್ ಸಮವಸ್ತ್ರ ಬಿಡಲಿಲ್ಲ. ಮುಂದೆ ಹಿಟ್ಲರನನ್ನು ಭೇಟಿಯಾಗಿ, ಬ್ರಿಟನ್ನಿನ ಫ್ಯಾಸಿಸ್ಟ್ ಪಕ್ಷ ಸೇರಿದರು.

ಮ್ಯಾಕ್ರೆಡಿಯ ಪಡೆಗೂ ದಸ್ತಗಿರಿಯ ಅಧಿಕಾರವಿರಲಿಲ್ಲ. ಕೆಲವು ಕಡೆ ಅವರ ಬೆನ್ನಹಿಂದೆ ಸ್ವಲ್ಪ ದೂರದಲ್ಲಿ ಗಂಡು ಪೇದೆಗಳು ನಡೆದುಬರುತ್ತಿದ್ದರು. 1922ರಲ್ಲಿ ಖರ್ಚು ಕಡಿತದ ನೆಪದಲ್ಲಿ ಇಡೀ ಪಡೆಯನ್ನೇ ಮುಚ್ಚಲು ಹೊರಟರು. ಆಗ ಸಂಸತ್ತಿನಲ್ಲಿ ಆಸನ ಪಡೆದಿದ್ದ ಮಹಿಳೆಯರು ಇಬ್ಬರೇ, ನ್ಯಾನ್ಸಿ ಆ್ಯಸ್ಟರ್ ಮತ್ತು ಮಾರ್ಗರೆಟ್ ವಿಂಟ್ರಿಂಗ್‌ಹ್ಯಾಮ್. ಅವರು ಹಟ ಹಿಡಿದದ್ದರಿಂದ ಇಪ್ಪತ್ತರಷ್ಟು ಜನ ಉಳಿದುಕೊಂಡರು. 1923ರಲ್ಲಿ ಅವರಿಗೆ ಪ್ರಮಾಣವಚನವೂ ದಸ್ತಗಿರಿಯ ಅಧಿಕಾರವೂ ದೊರೆತವು. ಅಂದರೆ ಲಂಡನ್ನಿನಲ್ಲಿ ಯುದ್ಧಸೇವೆ ಕೊಡಿಸದ ಅಧಿಕಾರವನ್ನು ಸಂಸತ್ತಿನಲ್ಲಿದ್ದ ಎರಡು ದನಿಗಳು ಕೊಡಿಸಿದವು. ದುಡಿಮೆಗೆ ಪ್ರತಿಫಲವಾಗಿ ಹಕ್ಕು ಬರುತ್ತದೆ ಎನ್ನುವವರು ಈ ತಾರೀಖುಗಳನ್ನು ಒಮ್ಮೆ ಜೋಡಿಸಿ ನೋಡಬೇಕು.

ಹಾಗಾದರೆ ಯುದ್ಧಕಾಲದ ಮಹಿಳಾ ಪೊಲೀಸ್ ಪ್ರಯೋಗ ವ್ಯರ್ಥವೇ? ಹಾಗೆಂದು ತೀರ್ಪು ಕೊಡುವುದು ಅನ್ಯಾಯ. ಆ ಗಸ್ತು ಪಡೆಯಿಂದಲೇ ಬಂದ ಲಿಲಿಯನ್ ವೈಲ್ಸ್ 1920ರ ದಶಕದಲ್ಲಿ ಲಂಡನ್ನಿನ ಅಪರಾಧ ತನಿಖಾ ವಿಭಾಗಕ್ಕೆ ಸೇರಿ, ಲೈಂಗಿಕ ಅಪರಾಧಗಳಿಗೆ ಗುರಿಯಾದ ಹೆಂಗಸರ, ಮಕ್ಕಳ ಹೇಳಿಕೆಗಳನ್ನು ಬರೆದುಕೊಳ್ಳುವ ಕೆಲಸವನ್ನು ಒಂದು ಪರಿಣತಿಯಾಗಿಯೇ ಬೆಳೆಸಿದರು. 1928ರಲ್ಲಿ ಐರೀನ್ ಸ್ಯಾವಿಡ್ಜ್ ಎಂಬ ಯುವತಿಯನ್ನು ಸ್ಕಾಟ್ಲೆಂಡ್ ಯಾರ್ಡಿನಲ್ಲಿ ಗಂಟೆಗಟ್ಟಲೆ ಪ್ರಶ್ನಿಸುವ ಮುನ್ನ ಅಧಿಕಾರಿಗಳು ವೈಲ್ಸ್ ಅವರನ್ನು ಹೊರಗೆ ಕಳಿಸಿದ್ದರು. ಆ ಸಂಗತಿ ಬಯಲಾದಾಗ ಸಂಸತ್ತಿನಲ್ಲಿ ಗದ್ದಲವೆದ್ದು ವಿಚಾರಣೆ ನಡೆಯಿತು. ಹದಿನೈದು ವರ್ಷ ಹಿಂದೆ ಹೆಂಗಸರನ್ನು ಕೋರ್ಟಿನಿಂದ ಹೊರಗೆ ಕಳಿಸುವುದು ಸಭ್ಯತೆಯಾಗಿತ್ತು. ಈಗ ಅದೇ ಹಗರಣವಾಯಿತು. ಬಾಯ್ಲ್ ಮತ್ತು ವಾಟ್ಸನ್ ಕೇಳಿದ್ದು ಇದನ್ನೇ. ಅದು ಬಂತು, ಆದರೆ ಯುದ್ಧದ ಸುತ್ತುದಾರಿಯಲ್ಲಿ ಬಂತು.

ನಮ್ಮ ನೆಲದಲ್ಲಿ ಕಾಯುವುದು ಯಾರನ್ನು, ಕಾವಲು ಯಾರ ಮೇಲೆ ಎಂಬ ಪ್ರಶ್ನೆ ತೀವ್ರವಾಗಿ ಎದ್ದದ್ದು ವಿಭಜನೆಯ ಕಾಲದಲ್ಲಿ. ಅಪಹೃತ ಹೆಂಗಸರನ್ನು ಹುಡುಕಿ ತರುವ ಕಾರ್ಯಕ್ಕೆ ಮೃದುಲಾ ಸಾರಾಭಾಯಿ ಮುಂದಾಳಾಗಿದ್ದರು. ಪೊಲೀಸರ ಜೊತೆಗೆ ಸಮಾಜಸೇವಕಿಯರು ಹಳ್ಳಿಹಳ್ಳಿಗೆ ಹೋಗುತ್ತಿದ್ದರು. 1949ರ ಕಾಯಿದೆ ಪೊಲೀಸರಿಗೆ ವಾರಂಟಿಲ್ಲದೆ ಮನೆ ಹೊಕ್ಕು ಹೆಂಗಸನ್ನು ವಶಕ್ಕೆ ಪಡೆಯುವ ಅಧಿಕಾರ ಕೊಟ್ಟಿತು. ವಯಸ್ಸಿನ ಮಿತಿ ಗಂಡು ಮಕ್ಕಳಿಗಿತ್ತು, ಹದಿನಾರು. ಹೆಂಗಸರಿಗೆ ಮಿತಿಯೇ ಇರಲಿಲ್ಲ. ಹೋಗಲು ಒಲ್ಲೆ ಎಂದವಳ ಮಾತಿಗೆ ಕಾಯಿದೆಯಲ್ಲಿ ಬೆಲೆಯಿರಲಿಲ್ಲ. 1952ರಲ್ಲಿ ಸುಪ್ರೀಂ ಕೋರ್ಟ್ ಈ ಕಾಯಿದೆಯನ್ನು ಎತ್ತಿಹಿಡಿಯಿತು. ಸಾವಿರಾರು ಹೆಂಗಸರು ನರಕದಿಂದ ಪಾರಾದದ್ದು ನಿಜ. ಹೊಸದಾಗಿ ಕಟ್ಟಿಕೊಂಡ ಬದುಕಿನಿಂದ ಎರಡನೆಯ ಸಲ ಕಿತ್ತುಬಂದವರೂ ಇದ್ದರು. ಆ ಕೆಲಸದಲ್ಲಿದ್ದ ಕಮಲಾಬೆನ್ ಪಟೇಲ್ ತಮ್ಮ ನೆನಪುಗಳಲ್ಲಿ ಈ ಸಂಕಟವನ್ನು ಮುಚ್ಚಿಟ್ಟಿಲ್ಲ. ಗ್ರಾಂಥಮ್‌ನಲ್ಲಿ ಕಂಡದ್ದೇ ಇಲ್ಲಿಯೂ: ರಕ್ಷಿಸುವ ಕೈಗೂ ಹಿಡಿದಿಡುವ ಕೈಗೂ ನಡುವಿನ ಗೆರೆಯನ್ನು ಕಾನೂನು ಎಳೆಯದೆ ಬಿಟ್ಟಿತ್ತು.

ಹೊರದೇಶದಲ್ಲಿ ಭಾರತೀಯ ಮಹಿಳಾ ಪೊಲೀಸರ ಹೆಸರು ಉಳಿದಿರುವುದು ಲೈಬೀರಿಯಾದಲ್ಲಿ. ಎರಡು ಅಂತರ್ಯುದ್ಧಗಳಿಂದ ಜರ್ಜರಿತವಾಗಿದ್ದ ಆ ದೇಶಕ್ಕೆ 2007ರ ಜನವರಿಯಲ್ಲಿ ಕೇಂದ್ರ ಮೀಸಲು ಪೊಲೀಸ್ ಪಡೆಯ ಮಹಿಳೆಯರ ತುಕಡಿ ಹೋಯಿತು. ವಿಶ್ವಸಂಸ್ಥೆಯ ಶಾಂತಿಪಾಲನೆಯ ಚರಿತ್ರೆಯಲ್ಲಿ ಅಂಥದು ಅದೇ ಮೊದಲು. ಮನ್ರೋವಿಯಾದಲ್ಲಿ ಆಗಿನ ಅಧ್ಯಕ್ಷೆ ಎಲೆನ್ ಜಾನ್ಸನ್ ಸರ್ಲೀಫ್ ಅವರ ಕಚೇರಿಯ ಕಾವಲು, ರಾತ್ರಿಯ ಗಸ್ತು ಅವರ ಕೆಲಸ. 2016ರಲ್ಲಿ ಕೊನೆಯ ತಂಡ ಮರಳುವ ಹೊತ್ತಿಗೆ ಆ ದೇಶದ ಭದ್ರತಾ ಪಡೆಗಳಲ್ಲಿ ಮಹಿಳೆಯರ ಪ್ರಮಾಣ ಶೇ. 6ರಿಂದ ಶೇ. 17ಕ್ಕೆ ಏರಿತ್ತೆಂದು ವಿಶ್ವಸಂಸ್ಥೆ ಹೇಳಿತು. ಈ ಏರಿಕೆಯ ಎಲ್ಲ ಶ್ರೇಯಸ್ಸನ್ನೂ ನಮ್ಮವರ ತಲೆಗೆ ಕಟ್ಟುವುದು ಅತ್ಯುತ್ಸಾಹ. ಅಲ್ಲಿನ ಸರಕಾರವೂ ಮಹಿಳಾ ಚಳವಳಿಯೂ ಅದಕ್ಕೆ ದುಡಿದಿದ್ದವು. ಆದರೂ ಒಂದು ವ್ಯತ್ಯಾಸ ಕಾಣುತ್ತದೆ. ಈ ತುಕಡಿ ಹೋದದ್ದು ಆ ದೇಶದ ಹೆಂಗಸರ ನಡತೆ ಕಾಯಲಿಕ್ಕಲ್ಲ. ಅದರ ಬಂದೂಕು ನೋಡುತ್ತಿದ್ದದ್ದು ಸಶಸ್ತ್ರ ಗಂಡಸರ ಕಡೆಗೆ.

ಕೊನೆಯದಾಗಿ ನಮ್ಮದೇ ಊರಿನ ಸಂಗತಿ. 2021ರ ಮೇ 8ರಂದು ಬೆಂಗಳೂರಿನ ಸೇನಾ ಪೊಲೀಸ್ ಕೇಂದ್ರದಲ್ಲಿ 83 ಮಹಿಳೆಯರು 61 ವಾರಗಳ ತರಬೇತಿ ಮುಗಿಸಿ ಭೂಸೇನೆಯ ಪೊಲೀಸ್ ದಳಕ್ಕೆ ಸೇರಿದರು. ಅಧಿಕಾರಿಯ ಹುದ್ದೆಯ ಕೆಳಗೆ, ಸಿಪಾಯಿಗಳಾಗಿ, ಮಹಿಳೆಯರು ಭಾರತೀಯ ಸೇನೆಗೆ ಬಂದದ್ದು ಅದೇ ಮೊದಲು. ಅದರ ಹಿಂದಿನ ವರ್ಷ ಕಾಶ್ಮೀರದ ಸಾಧನಾ ಪಾಸ್ ಬಳಿ ಅಸ್ಸಾಂ ರೈಫಲ್ಸ್‌ನ ಮಹಿಳೆಯರು ನಿಂತು, ಗಡಿಪ್ರದೇಶದಿಂದ ಬರುವ ವಾಹನಗಳಲ್ಲಿನ ಹೆಂಗಸರನ್ನು ತಪಾಸಣೆ ಮಾಡತೊಡಗಿದ್ದರು. ಗಂಡು ಸಿಪಾಯಿ ಮುಟ್ಟಬಾರದ ಮೈಯನ್ನು ಹೆಣ್ಣು ಸಿಪಾಯಿ ಮುಟ್ಟುವುದು ಸ್ಥಳೀಯ ಹೆಂಗಸರ ಮರ್ಯಾದೆಗೆ ತೋರಿಸಿದ ಗೌರವ. ಅಲ್ಲಗಳೆಯುವಂತಿಲ್ಲ. ಗ್ರೆಟ್ನಾದ ಬಾಗಿಲಲ್ಲೂ ಇದೇ ಸಮರ್ಥನೆಯಿತ್ತು, ಅದೂ ಸರಿಯೇ ಆಗಿತ್ತು. ಆದರೆ ಮುಟ್ಟಿದ ಕೈ ಹೆಣ್ಣಿನದೆಂಬ ಕಾರಣಕ್ಕೆ ಅದನ್ನು ಯಾರೂ ಪ್ರಶ್ನಿಸಬೇಕಿಲ್ಲ ಎಂದುಕೊಂಡರೆ, ನೀನಾ ಬಾಯ್ಲ್ ಹೊರನಡೆದ ಆ ಸಭೆಗೇ ನಾವು ಮರಳಿದಂತಾಗುತ್ತದೆ.

ಆದ್ದರಿಂದ ಆಜ್ಞೆ ಬರೆಯುವ ಸ್ಥಾನದಲ್ಲಿರುವವರಲ್ಲಿ, ಮುಂದೆ ಆ ಸ್ಥಾನಕ್ಕೆ ಹೋಗಲಿರುವ ಇಲ್ಲಿನ ಯುವಮಿತ್ರರಲ್ಲಿ ನನ್ನದೊಂದು ವಿನಂತಿ. ಸಂಘರ್ಷದ ಪ್ರದೇಶಕ್ಕೆ ಮಹಿಳಾ ಪೊಲೀಸರನ್ನು ಕಳಿಸುವಾಗ ಅವರ ಸಂಖ್ಯೆಯನ್ನು ಮಾತ್ರ ಪ್ರಕಟಿಸಬೇಡಿ. ಅವರ ಅಧಿಕಾರ ಎಲ್ಲಿಂದ ಎಲ್ಲಿಯವರೆಗೆ, ಅದು ಯಾವ ದಿನಕ್ಕೆ ಮುಗಿಯುತ್ತದೆ, ತಪಾಸಣೆಗೆ ಒಳಗಾದ ಹೆಣ್ಣುಮಗಳು ದೂರು ಕೊಡಬೇಕಾದರೆ ಯಾರ ಬಳಿ ಹೋಗಬೇಕು ಎಂಬುದನ್ನು ಆ ಊರಿನ ಭಾಷೆಯಲ್ಲಿ ಬರೆಸಿ, ಚೌಕಿಯ ಹೊರಗೆ ಎಲ್ಲರಿಗೂ ಕಾಣುವಂತೆ ಹಾಕಿಸಿ.